ಅವ್ವನ ಹಾಸಿಗೆ ಕಿಟಕಿ ಪಕ್ಕ ಇರಲಿ

ಪ್ರಶ್ನೆ: ನಮ್ಮ ಅವ್ವಗೆ 74 ವರ್ಷ. ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಬೆಳಗಾವಿಯಲ್ಲಿ ಆಪರೇಷನ್ ಆಗಿದೆ. ಹಗಲು ಚೆನ್ನಾಗಿರುತ್ತಾಳೆ, ರಾತ್ರಿಯಾದರೆ ಎಲ್ಲಿದ್ದೇನೆಂದು ತಿಳಿಯದೆ ಎದ್ದು ಹೊರಡಲು ನೋಡುತ್ತಾಳೆ. ಜನರಲ್ ವಾರ್ಡಿನಿಂದ ಸ್ಪೆಷಲ್ ರೂಮಿಗೆ ಹಾಕಿಸಿದರೆ ಬೇಗ ಗುಣವಾದೀತೇ?
– ಓದುಗರು, ಖಾನಾಪುರ

ಉತ್ತರ: ರೂಮಿನ ಮಾತು ಆಮೇಲೆ. ಆಪರೇಷನ್ ನಂತರ ಹಠಾತ್ತನೆ ಶುರುವಾಗುವ ಇಂಥ ಗೊಂದಲ ಹೆಚ್ಚಾಗಿ ಡೆಲಿರಿಯಂ. ವಯಸ್ಸಾಯಿತು, ಅರಳುಮರಳು ಎಂದು ಬಿಡುವಂತಿಲ್ಲ. ಸೋಂಕು, ಸೋಡಿಯಂ ಇಳಿಕೆ, ಮೂತ್ರ ಕಟ್ಟುವುದು, ನೋವು, ಕೆಲವು ಮಾತ್ರೆಗಳು ಇದಕ್ಕೆ ಕಾರಣವಾಗಬಹುದು. ಇವತ್ತೇ ಡಾಕ್ಟರಿಗೆ ತಿಳಿಸಿ.

ಸುತ್ತಲಿನ ವಾತಾವರಣವೂ ಇಲ್ಲಿ ನಿಜವಾಗಿ ಕೆಲಸ ಮಾಡುತ್ತದೆ. ಅಮೆರಿಕದ ಯೇಲ್‌ನಲ್ಲಿ 70 ದಾಟಿದ 852 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 15ರಷ್ಟು ಮಂದಿಗೆ ಡೆಲಿರಿಯಂ ಬಂದರೆ, ವಿಶೇಷ ಆರೈಕೆ ಪಡೆದವರಲ್ಲಿ ಅದು ಶೇ. 9.9. ಆ ಆರೈಕೆಯಲ್ಲಿ ದುಬಾರಿಯಾದದ್ದೇನೂ ಇರಲಿಲ್ಲ. ಕನ್ನಡಕ, ಕಿವಿಯ ಯಂತ್ರ ಕೈಗೆ ಸಿಗುವಂತಿರುವುದು, ಇವತ್ತು ಯಾವ ವಾರ, ಇದು ಯಾವ ಜಾಗ ಎಂದು ಆಗಾಗ ನೆನಪಿಸುವುದು, ಸಾಕಷ್ಟು ನೀರು, ಬೇಗ ಎಬ್ಬಿಸಿ ನಡೆಸುವುದು, ರಾತ್ರಿ ಸದ್ದಿಲ್ಲದ ನಿದ್ದೆ.

ಊರಿಂದ ನೋಡಲು ಬರುವವರು ಹಗಲೇ ಬಂದು ಹೋಗಲಿ. ರಾತ್ರಿ ಅವ್ವ ಗುರುತು ಹಿಡಿಯುವ ಒಬ್ಬರು ಜೊತೆಗಿದ್ದರೆ ಸಾಕು. ಮೊಬೈಲ್ ಸೈಲೆಂಟ್ ಇರಲಿ. ರಾತ್ರಿ ವಾರ್ಡಿನೊಳಗಿನ ಸದ್ದು 30 ಡೆಸಿಬೆಲ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ; ಅದು ಹೆಚ್ಚುಕಡಿಮೆ ಪಿಸುಮಾತಿನ ಮಟ್ಟ.

ಕಿಟಕಿಗೂ ಪುರಾವೆಯಿದೆ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ ಹೋಲಿಸಿ ನೋಡಿದರು. ಮರಗಳು ಕಾಣುವ ಕಿಟಕಿಯ ಪಕ್ಕ ಮಲಗಿದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಜೋರಾದ ನೋವುನಿವಾರಕವನ್ನೂ ಕಡಿಮೆ ತೆಗೆದುಕೊಂಡಿದ್ದರು. 1984ರಲ್ಲಿ ಪ್ರಕಟವಾದ ಆ ಅಧ್ಯಯನ ಚಿಕ್ಕದು. ಕಿಟಕಿಯಿಂದಲೇ ಮೂಳೆ ಕೂಡುತ್ತದೆಂದು ಯಾರೂ ತಿಳಿಯಬಾರದು.

ಹಾಗಾಗಿ ಕತ್ತಲೆಯ ಸ್ಪೆಷಲ್ ರೂಮಿಗಿಂತ ಜನರಲ್ ವಾರ್ಡಿನಲ್ಲೇ ಕಿಟಕಿ ಪಕ್ಕದ ಹಾಸಿಗೆ ಮೇಲು. ಸಿಸ್ಟರನ್ನು ಕೇಳಿ ನೋಡಿ. ಸಾಲ ಮಾಡಿ ರೂಮು ಹಿಡಿಯಬೇಕಿಲ್ಲ.

ಖಾನಾಪುರಕ್ಕೆ ಮರಳಿದ ಮೇಲೆ ಒಳಕೋಣೆ ಬೇಡ, ಬೆಳಕು ಬರುವ ಪಡಸಾಲೆಯಲ್ಲಿ ಮಂಚ ಹಾಕಿ. ನಿಮ್ಮ ಕಡೆ ಮಳೆ ಹಿಡಿದರೆ ನೆಲ ಒಣಗುವುದೇ ಇಲ್ಲ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಹಿಡಿಕೆ, ರಾತ್ರಿಯಿಡೀ ಸಣ್ಣ ದೀಪ ಇರಲಿ. ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಬಾವು ಕಂಡರೆ ಆಪರೇಷನ್ ಮಾಡಿದ ಡಾಕ್ಟರಿಗೆ ಅದೇ ದಿನ ತೋರಿಸಿ. ಉಸಿರುಕಟ್ಟಿದರೆ ಕಾಯದೆ 108ಕ್ಕೆ ಫೋನ್ ಮಾಡಿ.