ಮೊದಲು ಭಾರ, ಬಣ್ಣ ಆಮೇಲೆ

ಪೂರ್ವ ಟೆಕ್ಸಾಸಿನ ಗಾಳದ ಅಂಗಡಿಗಳಲ್ಲಿ ಒಂದಿಡೀ ಗೋಡೆ ಮೆತ್ತನೆಯ ಪ್ಲಾಸ್ಟಿಕ್ ಹುಳಗಳಿಗೇ ಮೀಸಲಾಗಿರುತ್ತದೆ. ಕಲ್ಲಂಗಡಿ ಸಿಪ್ಪೆಯ ಹಸಿರು, ಕುಂಬಳದ ಕಂದುಹಸಿರು, ಕಪ್ಪು-ನೀಲಿ, ಜೂನ್ ಬಗ್ ಎನ್ನುವ ಕಡುನೇರಳೆ, ಬಾಲದ ತುದಿಯನ್ನಷ್ಟೇ ಹಳದಿಯಲ್ಲಿ ಅದ್ದಿದ್ದು, ಮಿನುಗುಪುಡಿ ಬೆರೆಸಿದ್ದು. ಬಾಸ್ ಮೀನಿಗೆ ಗಾಳ ಹಾಕಲು ಹೊಸದಾಗಿ ಹೊರಟವರು ಆ ಗೋಡೆಯೆದುರು ನಿಂತು ಮೊದಲು ಕೇಳುವುದು ‘ಯಾವ ಬಣ್ಣ ತಗೊಳ್ಳಲಿ?’ ಎಂದು. ಡಲ್ಲಾಸ್ ಸುತ್ತಮುತ್ತ ನೆಲೆಸಿ, ಶನಿವಾರ ಭಾನುವಾರ ಕೆರೆಯಂಚು ಹುಡುಕಿಕೊಂಡು ಹೋಗುವ ನಮ್ಮ ಕನ್ನಡಿಗರು ಕೇಳುವುದೂ ಇದನ್ನೇ. ಈ ಭಾಗದ ಜಲಾಶಯಗಳಲ್ಲಿ ವರ್ಷಗಟ್ಟಲೆ ಗಾಳ ಹಾಕಿದ ಮೇಲೆ ನನಗೆ ಖಚಿತವಾಗಿರುವುದೆಂದರೆ, ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಹುಳ ಎಷ್ಟು ನಿಧಾನವಾಗಿ ಮುಳುಗುತ್ತದೆ, ತಳ ಮುಟ್ಟಿದ ಮೇಲೆ ಅದನ್ನು ಎಷ್ಟು ಹೊತ್ತು ಅಲುಗಿಸದೆ ಬಿಡುತ್ತೇವೆ ಎಂಬ ಎರಡೇ ಸಂಗತಿಗಳಲ್ಲಿ ಮೆತ್ತನೆ ಎರೆಯ ಬಹುಪಾಲು ಶಕ್ತಿ ಅಡಗಿದೆ.

ಹೀಗೆ ಹೇಳಲು ಕಾರಣ ಮೀನಿನ ಬಾಯಲ್ಲೇ ಇದೆ. ಇಲ್ಲಿ ಬಾಸ್ ಅಂದರೆ ಲಾರ್ಜ್‌ಮೌತ್ ಬಾಸ್, ಉತ್ತರ ಅಮೆರಿಕದ ಸಿಹಿನೀರಿನ ಮೀನು. ಬಾಯಿ ಮುಚ್ಚಿದಾಗಲೂ ಅದರ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ. ಅದು ಬೇಟೆಯನ್ನು ಕಚ್ಚುವುದಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬಾಯಿಯನ್ನು ಥಟ್ಟನೆ ಅಗಲಿಸಿ, ಒಳನುಗ್ಗುವ ನೀರಿನ ಜೊತೆ ಎದುರಿಗಿದ್ದದ್ದನ್ನು ಸೆಳೆದುಕೊಂಡು, ನೀರನ್ನು ಕಿವಿರುಗಳಿಂದ ಹೊರಬಿಡುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಬೇಡವೆನಿಸಿದರೆ ಉಗುಳುವುದೂ ಅಷ್ಟೇ ಬೇಗ. ಮರ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಎರೆಗೆ ಮೂರು ಮೊನೆಯ ಕೊಕ್ಕೆಗಳು ತೂಗುತ್ತಿರುವುದು ಇದಕ್ಕೇ: ಉಗುಳುವ ಮೊದಲೇ ಯಾವುದಾದರೊಂದು ಮೊನೆ ನಾಟಬೇಕು. ಮೆತ್ತನೆ ಹುಳದ ದಾರಿ ಬೇರೆ. ಅದು ಬಾಯಿಗೆ ತಿನ್ನುವ ವಸ್ತುವಿನ ಹಾಗೆ ಸಿಗುವುದರಿಂದ ಮೀನು ಉಗುಳುವುದು ತಡವಾಗುತ್ತದೆ, ಆ ತಡವೇ ಗಾಳಗಾರನಿಗೆ ಸಿಗುವ ಅವಕಾಶ. 1949ರಲ್ಲಿ ಒಹಾಯೊದ ಆಕ್ರನ್ ಊರಿನ ನಿಕ್ ಕ್ರೀಮ್ ಅವರು ಎರೆಹುಳದಾಕಾರದ ಪ್ಲಾಸ್ಟಿಕ್ ಹುಳವನ್ನು ಮಾಡಿದಾಗ ಸಿಕ್ಕ ದೊಡ್ಡ ಲಾಭ ಇದು. ಅವರ ಕಂಪನಿ ಮುಂದೆ ಟೆಕ್ಸಾಸಿನ ಟೈಲರ್ ಊರಿಗೆ ಬಂತು. ಹುಳದ ತಲೆಯ ಮುಂದೆ ಸೀಸದ ಗುಂಡು ಕೂರಿಸಿ, ಕೊಕ್ಕೆಯ ಮೊನೆಯನ್ನು ಹುಳದ ಮೈಯೊಳಗೇ ಮುಚ್ಚಿಡುವ ಕಟ್ಟುವಿಕೆಗೆ ಇವತ್ತಿಗೂ ಟೆಕ್ಸಾಸ್ ರಿಗ್ ಎಂದೇ ಹೆಸರು. ಮೊನೆ ಹೊರಗಿಲ್ಲದ್ದರಿಂದ ಜೊಂಡು, ಮುಳುಗಿದ ಮರ, ಹೈಡ್ರಿಲಾ ಕಳೆ ಇವುಗಳ ನಡುವೆ ಹುಳ ಸಿಕ್ಕಿಕೊಳ್ಳದೆ ಇಳಿಯುತ್ತದೆ. ಬಾಸ್ ಅಡಗಿ ಕೂರುವುದೂ ಅಂಥಲ್ಲೇ.

ಮುಳುಗುವಿಕೆಯ ಮಹತ್ವಕ್ಕೆ ನನಗೆ ಕಾಣುವ ಅತಿ ಗಟ್ಟಿ ಸಾಕ್ಷಿ ಸೆಂಕೊ. ಗ್ಯಾರಿ ಯಮಮೊಟೊ ಅವರು 1990ರ ದಶಕದಲ್ಲಿ ತಂದ ಈ ಹುಳಕ್ಕೆ ಸುರುಳಿ ಬಾಲವಿಲ್ಲ, ಕಾಲಿಲ್ಲ, ರೆಕ್ಕೆಯಿಲ್ಲ. ಎರಡೂ ತುದಿ ಸ್ವಲ್ಪ ಸಪೂರವಾದ ಒಂದು ದುಂಡು ಕಡ್ಡಿ, ಅಷ್ಟೇ. ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಇದನ್ನು ಯಾವ ಮೀನು ತಿಂದೀತು ಅನ್ನಿಸುತ್ತದೆ. ಆದರೆ ಅದರ ಪ್ಲಾಸ್ಟಿಕ್‌ನಲ್ಲಿ ಧಾರಾಳವಾಗಿ ಉಪ್ಪು ಬೆರೆಸಿದ್ದಾರೆ. ಉಪ್ಪು ರುಚಿಗೆ ಎಂದು ಹಲವರು ತಿಳಿದಿದ್ದಾರೆ. ರುಚಿಯ ಪಾತ್ರವೂ ಇರಬಹುದು, ಆದರೆ ಉಪ್ಪು ಮುಖ್ಯವಾಗಿ ಕೊಡುವುದು ಭಾರ. ಉಪ್ಪಿಲ್ಲದ ಹುಳ ನೀರಲ್ಲಿ ತೇಲಲೂಬಹುದು. ಐದು ಇಂಚಿನ ಸೆಂಕೊ ಸುಮಾರು 10 ಗ್ರಾಂ ತೂಗುತ್ತದೆ, ಸೀಸದ ಗುಂಡೇ ಇಲ್ಲದೆ ಮುಳುಗುತ್ತದೆ. ನಡುಮೈಗೆ ಕೊಕ್ಕೆ ಚುಚ್ಚಿ, ದಾರ ಸಡಿಲ ಬಿಟ್ಟರೆ ಅಡ್ಡಡ್ಡಲಾಗಿ, ಎರಡೂ ತುದಿ ಸಣ್ಣಗೆ ನಡುಗುತ್ತಾ ಇಳಿಯುತ್ತದೆ. ಆ ನಡುಕಕ್ಕೆ ಗಾಳಗಾರ ಏನೂ ಮಾಡಬೇಕಾಗಿಲ್ಲ. ಮೀನು ಆಕಾರ ನೋಡಿ ಮರುಳಾಗುವುದಾಗಿದ್ದರೆ ಹುಳಗಳ ಗೋಡೆಯಲ್ಲೆಲ್ಲ ಇದೇ ಅತಿ ಕಡಿಮೆ ಮೀನು ಹಿಡಿಯಬೇಕಿತ್ತು. ಹೆಚ್ಚು ಮೀನು ಹಿಡಿದುಕೊಟ್ಟ ಎರೆಗಳ ಸಾಲಿನಲ್ಲಿ ಅದು ನಿಂತಿರುವುದು ಇಳಿಯುವ ರೀತಿಯಿಂದ.

ತಳ ಮುಟ್ಟಿದ ಮೇಲಿನ ಬಿಡುವಿಗೂ ಇಂಥದೇ ಸಾಕ್ಷಿಯಿದೆ. ಕ್ಯಾನ್ಸಸ್‌ನ ನೆಡ್ ಕೇಡಿ ಅವರ ಹೆಸರಿನಲ್ಲಿರುವ ನೆಡ್ ರಿಗ್‌ನಲ್ಲಿ ಅಣಬೆಯಾಕಾರದ ಪುಟ್ಟ ಸೀಸದ ತಲೆಗೆ ತೇಲುವ ಪ್ಲಾಸ್ಟಿಕ್‌ನ ಮೋಟು ಹುಳವನ್ನು ಸಿಕ್ಕಿಸುತ್ತಾರೆ. ತಲೆ ತಳದಲ್ಲಿ ಕೂತಾಗ ಬಾಲ ಮೇಲೆದ್ದು ನಿಲ್ಲುತ್ತದೆ, ನೀರಿನ ಸಣ್ಣ ಚಲನೆಗೂ ಓಲಾಡುತ್ತದೆ. ಇದು ಎಳೆದಾಡುವುದಕ್ಕಿಂತ ನಿಲ್ಲಿಸಿಡುವುದಕ್ಕೆಂದೇ ಮಾಡಿದ ಎರೆ.

ಇದನ್ನು ಒಪ್ಪಿದರೆ ಅಂಗಡಿಯಲ್ಲಿ ನಾವು ಹುಡುಕುವ ಸಾಮಾನೇ ಬದಲಾಗುತ್ತದೆ. ಒಂದೇ ಬಣ್ಣದ ಹುಳ, ನಾಲ್ಕೈದು ತೂಕದ ಗುಂಡು, ಇವಿಷ್ಟಿದ್ದರೆ ವರ್ಷದ ಬಹುಕಾಲ ಸಾಕು ಎಂಬುದು ನನ್ನ ಅನುಭವ. ತಿಳಿನೀರಿನ ಆಳವಿಲ್ಲದ ಅಂಚಿಗೆ ಗುಂಡೇ ಬೇಡ, ಬೇಕಾದರೆ 2 ಗ್ರಾಂ. ಒಂದಾಳು ಎರಡಾಳು ನೀರಿಗೆ 3.5ರಿಂದ 7 ಗ್ರಾಂ. ಗಾಳಿ ಜೋರಾಗಿದ್ದರೆ ಅಥವಾ ಆಳ ಹೆಚ್ಚಿದ್ದರೆ 10ರಿಂದ 14. ನೀರ ಮೇಲೆ ಚಾಪೆಯಾಗಿ ಹರಡಿದ ಕಳೆಯನ್ನು ತೂರಿ ಇಳಿಯಬೇಕಾದರೆ ಮಾತ್ರ 28 ಗ್ರಾಂ ತನಕ ಹೋಗಬೇಕಾಗುತ್ತದೆ. ತಳ ಮುಟ್ಟಿದ್ದು ಕೈಗೆ ಗೊತ್ತಾಗುವಷ್ಟು ಭಾರ ಸಾಕು, ಅದಕ್ಕಿಂತ ಹೆಚ್ಚು ಹಾಕಿದಷ್ಟೂ ನಷ್ಟ. ದಾರವೂ ಈ ಲೆಕ್ಕದೊಳಗೇ ಬರುತ್ತದೆ. ಫ್ಲೋರೋಕಾರ್ಬನ್ ದಾರ ಮುಳುಗುತ್ತದೆ, ಹೆಣೆದ ದಾರ ತೇಲುತ್ತದೆ, ದಪ್ಪ ದಾರ ಯಾವುದಾದರೂ ಇಳಿತವನ್ನು ತಡೆಯುತ್ತದೆ. ಹಾಗಾಗಿ ದಾರ ಬದಲಿಸಿದರೆ ಗುಂಡಿನ ತೂಕವನ್ನೂ ಮತ್ತೆ ಯೋಚಿಸಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎಸೆದ ತಕ್ಷಣ ದಾರ ಬಿಗಿ ಹಿಡಿದರೆ ಹುಳ ನೇರ ಇಳಿಯುವುದಿಲ್ಲ, ಲೋಲಕದಂತೆ ನಮ್ಮ ಕಡೆಗೆ ತೂಗಿ ಬರುತ್ತದೆ. ಮರದ ಬೊಡ್ಡೆಯ ಪಕ್ಕಕ್ಕೇ ಸರಿಯಾಗಿ ಎಸೆದಿದ್ದರೂ ತಳ ಮುಟ್ಟುವ ಹೊತ್ತಿಗೆ ಅದು ಬೊಡ್ಡೆಯಿಂದ ದೂರ ಸರಿದಿರುತ್ತದೆ. ದಾರ ಬಿಟ್ಟುಕೊಡಬೇಕು, ಆದರೆ ಕಣ್ಣು ದಾರದ ಮೇಲೇ ಇರಬೇಕು. ಇಳಿಯುವಾಗ ಹಿಡಿದ ಮೀನು ಕೈಗೆ ಏನನ್ನೂ ಹೇಳದಿರಬಹುದು. ದಾರ ಪಕ್ಕಕ್ಕೆ ಸರಿದಾಗ, ಅಥವಾ ತಳ ಇನ್ನೂ ಬಾರದಿರುವಾಗಲೇ ಇಳಿಯುವುದು ನಿಂತಾಗ ಸುದ್ದಿ ತಿಳಿಯುತ್ತದೆ.

ಬಣ್ಣದ ಪರವಾಗಿ ವಾದಿಸುವವರು ಕಡಿಮೆಯಿಲ್ಲ, ಅವರಲ್ಲಿ ನನಗಿಂತ ಚೆನ್ನಾಗಿ ಮೀನು ಹಿಡಿಯುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಬಾಸ್‌ಗೆ ಬಣ್ಣ ಕಾಣುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಬಾಸ್‌ಗಳು ಕೆಂಪು ಮತ್ತು ಹಸಿರನ್ನು ಚೆನ್ನಾಗಿ ಗುರುತಿಸಿದವು. ಆದರೆ ಅದೇ ಪ್ರಯೋಗದಲ್ಲಿ ಮೀನುಗಳು ಹಸಿರುಹಳದಿಯನ್ನು ಬಿಳಿಯಿಂದ, ನೀಲಿಯನ್ನು ಕಪ್ಪಿನಿಂದ ಬೇರ್ಪಡಿಸಲು ತಡವರಿಸಿದವು. ಅಂಗಡಿಯ ಗೋಡೆಯನ್ನು ಈ ಫಲಿತಾಂಶ ಎದುರಿಟ್ಟುಕೊಂಡು ನೋಡಿ. ನಾವು ಬೇರೆಬೇರೆ ಎಂದು ಹಣ ಕೊಟ್ಟು ಕೊಳ್ಳುವ ಎಷ್ಟೋ ಹುಳಗಳು ಮೀನಿಗೆ ಒಂದೇ ಇರಬಹುದು. ಮೇಲಾಗಿ ಬಣ್ಣ ಗುರುತಿಸುವುದು ಒಂದು ವಿಷಯ, ಆ ಬಣ್ಣಕ್ಕಾಗಿ ಬಾಯಿ ತೆರೆಯುವುದು ಇನ್ನೊಂದು. ಪ್ರಯೋಗ ತೋರಿಸಿದ್ದು ಮೊದಲನೆಯದನ್ನು. ಆಳಕ್ಕೆ ಹೋದಂತೆ ಕೆಂಪು ಬೆಳಕು ಮೊದಲು ಅಳಿಯುತ್ತದೆ, ಮಳೆಗಾಲದ ಕೆಸರುನೀರಿನಲ್ಲಿ ಎಲ್ಲ ಬಣ್ಣವೂ ಮಂಕು. ಅಲ್ಲಿ ಬಾಸ್‌ಗೆ ನೆರವಾಗುವುದು ಮೈಯ ಎರಡೂ ಬದಿಯಲ್ಲಿ ಹರಿದಿರುವ ಪಾರ್ಶ್ವರೇಖೆ, ನೀರಿನ ಕದಲಿಕೆಯನ್ನು ಅದು ಹಿಡಿಯುತ್ತದೆ. ತಿಳಿನೀರಿಗೆ ಹಸಿರು-ಕಂದು, ಕದಡಿದ ನೀರಿಗೆ ಕಪ್ಪು-ನೀಲಿ: ಬಣ್ಣದ ವಿಚಾರದಲ್ಲಿ ಇದಕ್ಕಿಂತ ಮುಂದೆ ಹೋಗುವ ಅಗತ್ಯ ನನಗೆ ಕಂಡಿಲ್ಲ.

ಹೆಚ್ಚು ತೂಕದ ಆಕ್ಷೇಪ ವೇಗದ್ದು. ನೀನು ಒಂದು ಬೊಡ್ಡೆಯ ಬುಡದಲ್ಲಿ ಹುಳ ಬಿಟ್ಟು ಕೂತಿರುವಷ್ಟರಲ್ಲಿ ನಾನು ಓಡುವ ಎರೆಯಿಂದ ಇಡೀ ದಂಡೆಯನ್ನು ಜಾಲಾಡಿರುತ್ತೇನೆ ಎನ್ನುತ್ತಾರೆ. ಇದು ನಿಜ. ಅಪರಿಚಿತ ಕೆರೆಯಲ್ಲಿ ಮೀನು ಎಲ್ಲಿದೆಯೆಂದು ತಿಳಿಯಲು ವೇಗದ ಎರೆಯೇ ಮೇಲು, ವಸಂತದಲ್ಲಿ ಬಾಸ್ ಚುರುಕಾಗಿ ಬೆನ್ನಟ್ಟುವಾಗಲೂ ಅದೇ ಮೇಲು. ಆದರೆ ಮೀನಿನ ಮೈಶಾಖ ನೀರಿನ ಶಾಖವನ್ನೇ ಅನುಸರಿಸುತ್ತದೆ. ಚಳಿಗಾಲದಲ್ಲಿ ನೀರು 10 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಇಳಿದಾಗ ಅದರ ಜೀರ್ಣವೂ ನಿಧಾನ, ಓಟವೂ ನಿಧಾನ. ಓಡಿ ಹೋಗುವುದನ್ನು ಬೆನ್ನಟ್ಟುವುದು ಅದಕ್ಕೆ ಲಾಭವಲ್ಲ. ಹೆಚ್ಚು ಗಾಳ ಬೀಳುವ ನೀರಿನ ವಿಷಯದಲ್ಲಿ ಇನ್ನೊಂದು ಸಂಗತಿಯೂ ಇದೆ. ಇಲಿನಾಯ್‌ನ ರಿಡ್ಜ್ ಲೇಕ್‌ನಲ್ಲಿ 1970ರ ದಶಕದಿಂದ ದೀರ್ಘಕಾಲ ನಡೆದ ಅಧ್ಯಯನ, ಗಾಳಕ್ಕೆ ಸುಲಭವಾಗಿ ಸಿಗುವ ಗುಣ ಬಾಸ್‌ಗಳಲ್ಲಿ ಭಾಗಶಃ ವಂಶಪಾರಂಪರ್ಯವಾಗಿ ಬರುತ್ತದೆಂದು ತೋರಿಸಿತು. ಇದರಿಂದ ನಾನು ಊಹಿಸುವುದೇನೆಂದರೆ, ಮುನ್ನುಗ್ಗಿ ಎರೆ ಹಿಡಿಯುವ ಮೀನುಗಳು ಮೊದಲು ಸಿಕ್ಕಿಬಿದ್ದ ಮೇಲೆ ಅಂಥ ಕೆರೆಗಳಲ್ಲಿ ಉಳಿಯುವುದು ಹಿಂಜರಿಯುವ ಮೀನುಗಳು. ಅವುಗಳ ಮುಂದೆ ಎರೆ ತಾನಾಗಿ ಇಳಿದು ಬಂದು ಕೂರಬೇಕಾಗುತ್ತದೆ.

ದಾಖಲೆಗಳನ್ನು ಮುಂದಿಡುವವರೂ ಇದ್ದಾರೆ. ಜಾರ್ಜ್ ಪೆರಿ ಅವರು 1932ರಲ್ಲಿ ಜಾರ್ಜಿಯಾದಲ್ಲಿ ಹಿಡಿದ 22 ಪೌಂಡ್ 4 ಔನ್ಸ್‌ನ ಬಾಸ್ ಸಿಕ್ಕಿದ್ದು ಗಟ್ಟಿ ಎರೆಗೆ. ಅದಕ್ಕೆ ಸರಿಸಮವೆಂದು ಮಾನ್ಯವಾದ, ಮನಾಬು ಕುರಿಟಾ ಅವರು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಹಿಡಿದ ಮೀನು ಸಿಕ್ಕಿದ್ದು ಜೀವಂತ ಬ್ಲೂಗಿಲ್ ಮೀನಿಗೆ. ನಮ್ಮ ಲೇಕ್ ಫೋರ್ಕ್‌ನಲ್ಲಿ 1992ರ ಜನವರಿಯಲ್ಲಿ ಸಿಕ್ಕ 18.18 ಪೌಂಡ್‌ನ ಟೆಕ್ಸಾಸ್ ದಾಖಲೆಯ ಮೀನು ಕ್ರಾಪಿ ಮೀನಿಗೆಂದು ಹಾಕಿದ ಪುಟ್ಟ ಜೀವಂತ ಮೀನನ್ನು ನುಂಗಿತ್ತು. ಮೂರರಲ್ಲಿ ಒಂದೂ ಮೆತ್ತನೆ ಪ್ಲಾಸ್ಟಿಕ್‌ಗೆ ಸಿಕ್ಕಿಲ್ಲ. ಪೆರಿ ಅವರ ಕಾಲಕ್ಕೆ ಪ್ಲಾಸ್ಟಿಕ್ ಹುಳವೇ ಇರಲಿಲ್ಲ ಎಂಬುದನ್ನು ಬದಿಗಿಟ್ಟರೂ, ಅಷ್ಟು ದೊಡ್ಡ ಮೀನು ಬೆಳೆಯುವುದು ನೀರಿನಿಂದ, ತಳಿಯಿಂದ, ಕಾಯ್ದೆಯಿಂದ. ಲೇಕ್ ಫೋರ್ಕ್‌ನ ಹೆಸರು ಬೆಳೆದದ್ದು ಜಲಾಶಯ ತುಂಬುವ ಮುಂಚೆಯೇ ಫ್ಲಾರಿಡಾ ತಳಿಯ ಬಾಸ್ ಬಿಟ್ಟದ್ದರಿಂದ, ನಿಗದಿತ ಅಳತೆಗಳ ನಡುವಿನ ಮೀನನ್ನು ಮರಳಿ ಬಿಡಲೇಬೇಕೆಂಬ ನಿಯಮದಿಂದ. ವರ್ಷವಿಡೀ ಮೀನು ಹಿಡಿಯಬೇಕೆನ್ನುವ ಸಾಮಾನ್ಯ ಗಾಳಗಾರನಿಗೆ ಮೂರು ದಾಖಲೆಗಳು ದಾರಿ ತೋರಲಾರವು.

ನನ್ನ ವಾದಕ್ಕೆ ಪೂರ್ತಿ ಉತ್ತರ ಕೊಡಲಾಗದ ಆಕ್ಷೇಪವೊಂದಿದೆ, ಅದು ಆ ವಾದದ ಒಳಗಿನಿಂದಲೇ ಏಳುತ್ತದೆ. ಮೀನು ಬೇಗ ಉಗುಳದಿರುವುದೇ ಈ ಹುಳದ ಬಲವಾದರೆ, ಮೀನಿಗೆ ಅಪಾಯವೂ ಅದರಿಂದಲೇ. ಸಡಿಲ ದಾರದಲ್ಲಿ ತಡವಾಗಿ ಎಳೆದರೆ ಕೊಕ್ಕೆ ಗಂಟಲಿಗೆ ಇಳಿದಿರುತ್ತದೆ. ಹಾಗಾದಾಗ ಜಗ್ಗಿ ಕೀಳುವುದಕ್ಕಿಂತ ದಾರ ಕತ್ತರಿಸಿ ಬಿಡುವುದು ಮೀನಿಗೆ ಒಳ್ಳೆಯದು. ಅಲ್ಲದೆ ಹೆಚ್ಚು ಉಪ್ಪಿನ ಹುಳ ಬಲು ಬೇಗ ಹರಿಯುತ್ತದೆ, ಹರಿದದ್ದನ್ನು ಕಿತ್ತು ನೀರಿಗೆ ಬಿಸಾಡುವುದು ಎಲ್ಲ ದಂಡೆಗಳಲ್ಲೂ ಕಾಣುವ ಅಭ್ಯಾಸ. ಅದು ಪಿವಿಸಿ, ಕೊಳೆಯುವುದಿಲ್ಲ, ನೀರಲ್ಲಿದ್ದಂತೆ ಊದಿಕೊಳ್ಳುತ್ತದೆ. ಕೊಕ್ಕೆಯಿಲ್ಲದೆ ತಳದಲ್ಲಿ ಬಿದ್ದಿರುವ ಹುಳವನ್ನೂ ಮೀನು ನುಂಗುತ್ತದೆ, ಏಕೆಂದರೆ ನಿಶ್ಚಲವಾಗಿ ಬಿದ್ದಿರುವಾಗಲೂ ಮೀನನ್ನು ಸೆಳೆಯುವ ಹಾಗೆಯೇ ನಾವು ಅದನ್ನು ಮಾಡಿದ್ದೇವೆ. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬ್ರೂಕ್ ಟ್ರೌಟ್ ಮೀನುಗಳು ಇಂಥ ಪ್ಲಾಸ್ಟಿಕ್ ತುಂಡುಗಳನ್ನು ತಾವಾಗಿ ತಿಂದವು, ತಿಂದವು ತೂಕ ಕಳೆದುಕೊಂಡವು. ಒಂಟಾರಿಯೊದ ಚಾರ್ಲ್ಸ್‌ಟನ್ ಲೇಕ್‌ನಲ್ಲಿ ಪರೀಕ್ಷಿಸಿದ ಮೀನುಗಳಲ್ಲಿ ನೂರಕ್ಕೆ ಎರಡು ಮೂರರ ಹೊಟ್ಟೆಯಲ್ಲಿ ಮಾತ್ರ ಪ್ಲಾಸ್ಟಿಕ್ ಸಿಕ್ಕಿತು, ಆದ್ದರಿಂದ ಎಲ್ಲೆಡೆ ಅನಾಹುತವಾಗಿದೆ ಎನ್ನುವುದು ಸರಿಯಲ್ಲ. ಹಾಗೆಂದು ಆ ಎರಡು ಮೂರನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ, ಏಕೆಂದರೆ ಅದನ್ನು ತಡೆಯಲು ಬೇಕಾದದ್ದು ತೀರಾ ಕಡಿಮೆ. ಹರಿದ ಹುಳವನ್ನು ಜೇಬಿಗೆ ಹಾಕಿ. ಒಂದೇ ತುದಿ ಹರಿದಿದ್ದರೆ ತಿರುಗಿಸಿ ಇನ್ನೊಂದು ತುದಿಗೆ ಕೊಕ್ಕೆ ಚುಚ್ಚಿ. ತಲೆಗೆ ಚುಚ್ಚುವ ಕಡೆ ಗಟ್ಟಿಯಾಗಿ ಬಾಳುವ ತೇಲುವ ಪ್ಲಾಸ್ಟಿಕ್ ಬಳಸಿ, ಆದರೆ ಅದನ್ನು ಪಿವಿಸಿ ಹುಳಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ, ಎರಡೂ ಕರಗಿ ಅಂಟಿಕೊಳ್ಳುತ್ತವೆ. ಕೈಗೆಟುಕುವುದಾದರೆ ಸೀಸದ ಬದಲು ಟಂಗ್‌ಸ್ಟನ್ ಗುಂಡು ಕೊಳ್ಳಿ. ಸೀಸದ ಗುಂಡು ನುಂಗಿ ಲೂನ್ ಹಕ್ಕಿಗಳು ಸಾಯುವುದನ್ನು ಕಂಡೇ ನ್ಯೂ ಹ್ಯಾಂಪ್‌ಶೈರ್‌ನಂಥ ರಾಜ್ಯಗಳು ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿವೆ. ಮುಂದಿನ ಸಲ ದಂಡೆಯಿಂದ ಏಳುವಾಗ ನಿಮ್ಮ ಹರಿದ ಹುಳಗಳ ಜೊತೆಗೆ ಪಕ್ಕದವರು ಬಿಟ್ಟುಹೋದದ್ದು ಕಂಡರೆ ಅದನ್ನೂ ಎತ್ತಿಕೊಂಡು ಬನ್ನಿ.