ಕಾಗದದ ರಾಕೆಟ್ಟು

ಕಾಗದದಿಂದ ರಾಕೆಟ್ಟು ಕಟ್ಟುವುದು ಮಕ್ಕಳಾಟವೆಂದು ನಗುವವರು ಉಂಟು. ಆದರೆ ಆಟಿಕೆಗೂ ಮಾದರಿಗೂ ಭೇದವಿದೆ. ಆಟಿಕೆಯು ರಾಕೆಟ್ಟಿನಂತೆ ಕಂಡರೆ ಸಾಕು. ಮಾದರಿಯಾದರೋ ಪ್ರತಿಯೊಂದು ಅಂಗದಲ್ಲಿಯೂ ಒಂದೇ ಪ್ರಮಾಣವನ್ನು ಪಾಲಿಸಬೇಕು. ಗಣಿತವನ್ನು ಹತ್ತನೆಯ ತರಗತಿಯಲ್ಲಿಯೇ ಬೀಳ್ಕೊಟ್ಟ ನಮ್ಮಂಥ ಕಲಾವಿಭಾಗದವರಿಗೂ ಇದು ಅಸಾಧ್ಯವೇನಲ್ಲ.

2023ರ ಜುಲೈ 14ರಂದು ಶ್ರೀಹರಿಕೋಟೆಯಿಂದ ಚಂದ್ರಯಾನ-3ನ್ನು ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ಟನ್ನೇ ತೆಗೆದುಕೊಳ್ಳೋಣ. ಅದರ ಎತ್ತರ 43.5 ಮೀಟರು. ನೂರಕ್ಕೆ ಒಂದರ ಪ್ರಮಾಣವಿಟ್ಟರೆ ಮೀಟರುಗಳೆಲ್ಲ ಸೆಂಟಿಮೀಟರುಗಳಾಗುತ್ತವೆ. ಲೆಕ್ಕಕ್ಕೆ ಇದಕ್ಕಿಂತ ಸುಲಭವಾದುದು ಬೇರಿಲ್ಲ. ನಡುವಣ ಕಾಂಡದ ವ್ಯಾಸ 4 ಸೆಂ.ಮೀ., ಇಕ್ಕೆಲದ ಘನ ಇಂಧನದ ಕೊಳವೆಗಳದು 3.2, ಉಪಗ್ರಹವನ್ನು ಮುಚ್ಚುವ ಶಿರಕವಚದ್ದು 5. ತಲೆಯು ಮೈಗಿಂತ ದಪ್ಪವಾಗಿರುವುದನ್ನು ಗಮನಿಸಿರಿ. ಒಳಗೆ ಕೂರುವ ನೌಕೆಗೆ ಎಡೆ ಬೇಕಲ್ಲವೆ? ಉಳಿದ ಅಳತೆಗಳನ್ನು ಇಸ್ರೋ ಪ್ರಕಟಿಸಿರುವ ಚಿತ್ರಗಳಿಂದ ಎತ್ತಿಕೊಳ್ಳಬಹುದು.

ಕಾಂಡಕ್ಕೆ ಬೇಕಾದ ಕಾಗದದ ಅಗಲ, 4ನ್ನು 3.1416ರಿಂದ ಗುಣಿಸಿದರೆ, 12.57 ಸೆಂ.ಮೀ.; ಅಂಟಿನ ಅಂಚಿಗೆ ಅರ್ಧ ಸೆಂ.ಮೀ. ಹೆಚ್ಚಿಗೆ ಬಿಡತಕ್ಕದ್ದು. ಡ್ರಾಯಿಂಗ್ ಕಾಗದವು ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದಕ್ಕೆ ಮುನಿಯುತ್ತದೆ. ಸಲೀಸಾದ ದಿಕ್ಕನ್ನು ಕೈಯಿಂದಲೇ ಪರೀಕ್ಷಿಸಿ, ಆ ಕಡೆಗೇ ಸುರುಳಿ ಸುತ್ತಬೇಕು. ಒಳಗೆ ಎರಡು ತುದಿಗೂ ನಡುವಿಗೂ ರಟ್ಟಿನ ಬಿಲ್ಲೆಗಳನ್ನು ಕೂರಿಸಿದರೆ ಕೊಳವೆ ಚಪ್ಪಟೆಯಾಗದು.

ನಿಜವಾದ ತೊಡಕಿರುವುದು ತಲೆಯಲ್ಲಿ. ಶಂಕುವನ್ನು ಬಿಡಿಸಿ ಹಾಸಿದರೆ ಅದು ವೃತ್ತದ ಒಂದು ಹೋಳು. ಹೋಳಿನ ಕಮಾನು ಶಂಕುವಿನ ಬುಡದ ಪರಿಧಿಗೆ ಸರಿಯಾಗಬೇಕಾದುದರಿಂದ, ಬುಡದ ತ್ರಿಜ್ಯವನ್ನು ಓರೆ ಎತ್ತರದಿಂದ ಭಾಗಿಸಿ 360ರಿಂದ ಗುಣಿಸಿದರೆ ಹೋಳಿನ ಕೋನ ದೊರೆಯುತ್ತದೆ. ತ್ರಿಜ್ಯ 2.5, ಓರೆ ಎತ್ತರ 7.5 ಇದ್ದರೆ ಕೋನ 120 ಡಿಗ್ರಿ. ಆ ಶಂಕುವಿನ ನೆಟ್ಟನೆಯ ಎತ್ತರ 7.07 ಮಾತ್ರ. ಕೈವಾರವನ್ನು ಓರೆ ಎತ್ತರಕ್ಕೆ ಬದಲು ಇದಕ್ಕೆ ಹಿಡಿದರೆ ತಲೆ ಗಿಡ್ಡವಾಗುತ್ತದೆ.

ಆದರೆ ನಿಜವಾದ ಶಿರಕವಚವು ನೇರ ಶಂಕುವಲ್ಲ. ಅದರ ಮೈ ಹೊರಕ್ಕೆ ಉಬ್ಬಿದೆ. ಕಾಗದವೋ, ಒಮ್ಮೆಗೆ ಒಂದೇ ದಿಕ್ಕಿಗೆ ಬಾಗಬಲ್ಲುದು. ಭೂಗೋಳದ ವಿದ್ಯಾರ್ಥಿಗಳು ಈ ಸಂಕಟವನ್ನು ಬಲ್ಲರು: ಗುಂಡಾದ ಭೂಮಿಯನ್ನು ಚಪ್ಪಟೆ ನಕ್ಷೆಯಲ್ಲಿ ಹಿಗ್ಗುಕುಗ್ಗಿಲ್ಲದೆ ಹಾಸಲಾಗದು. ನಾವು ಅದೇ ಸಂಕಟವನ್ನು ಹಿಂದುಮುಂದಾಗಿ ಎದುರಿಸುತ್ತೇವೆ. ತುದಿ ಕತ್ತರಿಸಿದ ಎರಡು ಮೂರು ಶಂಕುಗಳನ್ನು, ಮೇಲೆ ಹೋದಂತೆ ಓರೆ ಹೆಚ್ಚಿಸುತ್ತ, ಒಂದರ ಮೇಲೊಂದು ಜೋಡಿಸುವುದೇ ಉಪಾಯ. ಮೂರಾದರೆ ದೂರದಿಂದ ಉಬ್ಬಿನಂತೆಯೇ ತೋರುತ್ತದೆ.

ಇನ್ನು ತೂಕ. ರಾಕೆಟ್ಟಿನ ತೂಕ ಸುಮಾರು 640 ಟನ್ನು. ಉದ್ದ ನೂರು ಪಾಲು ಕುಗ್ಗಿದರೆ ಗಾತ್ರವು ಹತ್ತು ಲಕ್ಷ ಪಾಲು ಕುಗ್ಗುತ್ತದೆ. ಹಾಗಾದರೆ ಮಾದರಿ 640 ಗ್ರಾಂ ತೂಗಬೇಕು. ನಮ್ಮದು ಅದರ ಹತ್ತಿರಕ್ಕೂ ಬಾರದು. ಆದರೂ ಇದು ಸುಳ್ಳಲ್ಲ. ನಿಜವಾದ ರಾಕೆಟ್ಟಿನಲ್ಲಿಯೂ ತೂಕದ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಇಂಧನವೇ. ಅದನ್ನು ತೆಗೆದರೆ ಉಳಿಯುವುದು ನಮ್ಮದರಂತೆ ಒಂದು ತೆಳು ಚಿಪ್ಪು.

ಕಡೆಗೆ ಪಕ್ಕದ ಕೊಳವೆಗಳು. ನೆಲದಿಂದ ಏಳುವಾಗ ಉರಿಯುವುದು ಇವೆರಡು ಮಾತ್ರ. ಕಾಂಡದ ಎರಡು ವಿಕಾಸ್ ಇಂಜಿನುಗಳು ಹೊತ್ತಿಕೊಳ್ಳುವುದು ಸುಮಾರು 110 ಸೆಕೆಂಡುಗಳ ಅನಂತರ, ಆಕಾಶದಲ್ಲಿ. ಆದುದರಿಂದ ಮಾದರಿಯೂ ಪಕ್ಕದ ಕೊಳವೆಗಳ ಮೇಲೆಯೇ ನಿಲ್ಲಬೇಕು. ಕಾಂಡದ ಬುಡ ಮೇಜಿಗೆ ತಾಗಬಾರದು. ಕೆಳಬಿಲ್ಲೆ ಅಂಟಿಸುವ ಮೊದಲು ಕೊಳವೆಗಳ ಬುಡಕ್ಕೆ ಹಿಡಿ ಮರಳು ತುಂಬಿದರೆ ಫ್ಯಾನಿನ ಗಾಳಿಗೆ ಉರುಳುವುದಿಲ್ಲ.