ನಕ್ಷೆಗೆ ಸಹಿ ಹಾಕುವ ಮುಂಚೆ

ಆಸ್ಪತ್ರೆ ಕಟ್ಟಿಸುತ್ತಿದ್ದೀಯ ಎಂದು ಕೇಳಿ ಸಂತೋಷವಾಯಿತಪ್ಪ. ಮೂವತ್ತು ಹಾಸಿಗೆ, ಎರಡು ಓಟಿ, ಒಂದು ಐಸಿಯು. ತಾಲೂಕು ಕೇಂದ್ರಕ್ಕೆ ಅದು ಸಣ್ಣದೇನಲ್ಲ. ನಕ್ಷೆಯನ್ನೂ ನೋಡಿದೆ. ಮುಂಭಾಗದ ಗಾಜು, ರಿಸೆಪ್ಷನ್ನಿನ ಗ್ರಾನೈಟು, ಎಲ್ಲ ಜೋರಾಗಿಯೇ ಇದೆ. ನನ್ನ ಕಣ್ಣು ಮಾತ್ರ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯ ಮೇಲೇ ನಿಂತಿತು. ವಾರ್ಡಿನಲ್ಲೇ ಆಯುಷ್ಯ ಸವೆಸಿದ ನರ್ಸಿನ ಕಣ್ಣು, ಏನು ಮಾಡುವುದು.

ರಾತ್ರಿ ಎರಡು ಗಂಟೆ ಎಂದುಕೋ. ಆಪರೇಷನ್ ಆದ ಅಜ್ಜ, ಕೈಗೆ ಡ್ರಿಪ್, ಪಂಚೆ ಸಡಿಲ. ಸಿಸ್ಟರನ್ನು ಕರೆಯಲು ಸಂಕೋಚ. ಬಚ್ಚಲು ಇರುವುದು ಕೋಣೆಯ ಆಚೆ ಮೂಲೆಯಲ್ಲಿ, ನಡುವೆ ಹಿಡಿದುಕೊಳ್ಳಲು ಏನೂ ಇಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದ ಸೊಸೆ, ಅವಳ ಪಕ್ಕದಲ್ಲಿ ಫ್ಲಾಸ್ಕು, ಚೀಲ, ಚಪ್ಪಲಿ. ಅದೆಲ್ಲ ದಾಟಿದರೆ ಬಚ್ಚಲ ಹೊಸ್ತಿಲು ಎರಡಿಂಚು ಎತ್ತರ. ಬಾಗಿಲು ಬೇರೆ ಒಳಕ್ಕೆ ತೆರೆಯುತ್ತದೆ. ಅಜ್ಜ ಒಳಗೆ ಬಿದ್ದರೆ ಮೈಯೇ ಬಾಗಿಲಿಗೆ ಅಡ್ಡ, ಹೊರಗಿನವರು ತಳ್ಳಿದಷ್ಟೂ ಅವನಿಗೇ ಪೆಟ್ಟು. ಬೆಳಗಾದರೆ ಬೈಗುಳವೆಲ್ಲ ರಾತ್ರಿ ಪಾಳಿಯ ಸಿಸ್ಟರಿಗೆ. ನಕ್ಷೆ ಬರೆದವನ ಹೆಸರನ್ನು ಯಾರೂ ಎತ್ತುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಬಚ್ಚಲನ್ನು ಹಾಸಿಗೆಯ ತಲೆಯ ಕಡೆಗೆ ತಾ. ಹಾಸಿಗೆಯಿಂದ ಬಾಗಿಲವರೆಗೂ ಗೋಡೆಗೆ ಹಿಡಿಕೆ ಇರಲಿ. ಹೊಸ್ತಿಲು ಬೇಡ, ಬಾಗಿಲು ಹೊರಕ್ಕೆ ತೆರೆಯಲಿ, ಇಲ್ಲವೇ ಸರಿಯುವಂಥದ್ದಿರಲಿ. ನೆಲದ ಮಟ್ಟದಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ದೀಪವೊಂದು ಬೇಕು. ಹೊಳೆಯುವ ಟೈಲ್ಸು ಫೋಟೋಗೆ ಚೆಂದ, ಒದ್ದೆ ಕಾಲಿಗಲ್ಲ. ಅಟೆಂಡರಿಗೂ ಜಾಗ ಬರೆಸು. ನಮ್ಮೂರಲ್ಲಿ ಜೊತೆಗೊಬ್ಬರಿಲ್ಲದೆ ಯಾರೂ ಅಡ್ಮಿಟ್ ಆಗುವುದಿಲ್ಲ, ಆದರೂ ಅವರು ಮಲಗಲು ಗೋಡೆಬದಿಗೆ ಒಂದು ಬೆಂಚು, ಸಾಮಾನಿಗೆ ಒಂದು ಕಪಾಟು ಇರುವ ನಕ್ಷೆ ನನ್ನ ಕಣ್ಣಿಗೆ ಬಿದ್ದದ್ದು ಬಲು ಅಪರೂಪ.

ಇನ್ನೊಂದು ಸಂಗತಿ. ನಲ್ಲಿ ಪೈಪು ಉಳಿಯುತ್ತದೆಂದು ಅಕ್ಕಪಕ್ಕದ ಕೋಣೆಗಳನ್ನು ಒಂದಕ್ಕೊಂದು ಕನ್ನಡಿಬಿಂಬದಂತೆ ಬರೆಸಿದ್ದೀಯ. ಒಂದರಲ್ಲಿ ಆಕ್ಸಿಜನ್ ರೋಗಿಯ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಉಸಿರು ಸಿಕ್ಕಿಕೊಂಡವನ ಬಳಿಗೆ ಓಡಿಬಂದ ಹುಡುಗಿ ಮೊದಲು ಕೈಚಾಚುವುದು ಅಭ್ಯಾಸದ ಕಡೆಗೆ. ಅಲ್ಲಿ ಬರಿ ಗೋಡೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೆಸ್ಟ್ ಬೆಂಡಿನಲ್ಲಿ 2005ರಲ್ಲಿ ಬಾಗಿಲು ತೆರೆದ ಸೇಂಟ್ ಜೋಸೆಫ್ಸ್ ಆಸ್ಪತ್ರೆಯವರು ಇದನ್ನು ಯೋಚಿಸಿಯೇ ರೋಗಿಗಳ ಕೋಣೆಗಳನ್ನೆಲ್ಲ ಒಂದೇ ದಿಕ್ಕಿಗೆ, ಒಂದೇ ಅಚ್ಚಿನಲ್ಲಿ ಕಟ್ಟಿಸಿದರು. ಮನುಷ್ಯ ದಣಿಯುತ್ತಾನೆ, ಮರೆಯುತ್ತಾನೆ, ಅದನ್ನು ಒಪ್ಪಿಕೊಂಡೇ ಗೋಡೆ ಎಬ್ಬಿಸಬೇಕು ಎನ್ನುವುದು ಅವರ ಲೆಕ್ಕ. ನನ್ನ ಲೆಕ್ಕವೂ ಅದೇ. "ಹುಷಾರಾಗಿರಿ" ಎಂದು ಬೋರ್ಡು ಹಾಕುವುದಕ್ಕಿಂತ ಹುಷಾರು ತಪ್ಪಿದರೂ ಅನಾಹುತವಾಗದಂತೆ ಕಟ್ಟುವುದು ಮೇಲು.

ಗಾಳಿಯ ವಿಷಯಕ್ಕೆ ಬರುತ್ತೇನೆ. ನಾವು ನರ್ಸುಗಳು ದೀಪದ ಫ್ಲಾರೆನ್ಸ್ ನೈಟಿಂಗೇಲ್ ಎಂದು ಕೈಮುಗಿದು ಸುಮ್ಮನಾಗುತ್ತೇವೆ. ಆಕೆ 1859ರಲ್ಲಿ ಆಸ್ಪತ್ರೆ ಕಟ್ಟಡಗಳ ಬಗ್ಗೆಯೇ ಒಂದು ಪುಸ್ತಕ ಬರೆದಳೆಂಬುದು ಎಷ್ಟು ಜನಕ್ಕೆ ಗೊತ್ತು? ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗಕ್ಕೇ ಹೆಚ್ಚು ಸೈನಿಕರು ಸತ್ತದ್ದನ್ನು ಕಂಡವಳು. ಎರಡೂ ಬದಿಗೆ ಕಿಟಕಿಯಿರುವ ಉದ್ದನೆಯ ವಾರ್ಡು, ಒಂದೆಡೆ ನಿಂತರೆ ಎಲ್ಲ ರೋಗಿಗಳೂ ಕಾಣಬೇಕು ಎಂದು ಹಟ ಹಿಡಿದಳು. ನೀನು ಆ ಕಿಟಕಿಗಳನ್ನು ಮುಚ್ಚಿ ಸ್ಪ್ಲಿಟ್ ಎಸಿ ಹಾಕಿಸುತ್ತಿದ್ದೀಯ. ಅದು ಒಳಗಿನ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ. ಕೆಮ್ಮುವ ಕ್ಷಯದ ರೋಗಿ ಒಬ್ಬ ಒಳಗಿದ್ದರೆ ಆ ಗಾಳಿ ಎಲ್ಲರಿಗೂ ಪಾಲು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಹಜ ಗಾಳಿಯಾಟದ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಗಾಳಿಯಿಂದ ಹರಡುವ ರೋಗದವರ ಕೋಣೆಯಲ್ಲಿ ಒಬ್ಬೊಬ್ಬ ರೋಗಿಗೆ ಸೆಕೆಂಡಿಗೆ 160 ಲೀಟರ್ ಗಾಳಿ ಆಡಬೇಕು ಎನ್ನುತ್ತದೆ ಅದು. ಓಟಿ, ಐಸಿಯುಗಳಿಗೆ ಸರಿಯಾದ ವ್ಯವಸ್ಥೆಯನ್ನೇ ಮಾಡು, ಅಲ್ಲಿ ಜಿಪುಣತನ ಬೇಡ. ಜನರಲ್ ವಾರ್ಡಿಗೆ, ಹೊರರೋಗಿಗಳು ಕಾಯುವ ಜಾಗಕ್ಕೆ ದೊಡ್ಡ ಕಿಟಕಿ ಇಟ್ಟರೆ ಕರೆಂಟ್ ಬಿಲ್ಲೂ ಉಳಿಯುತ್ತದೆ.

ಬೇಸ್‌ಮೆಂಟ್ ಎಂದು ಬರೆದು ಪಕ್ಕದಲ್ಲಿ "ಸ್ಟೋರ್" ಎಂದು ಪೆನ್ಸಿಲಿನಲ್ಲಿ ಗೀಚಿರುವುದು ಯಾರು? ಅದನ್ನು ಈಗಲೇ ಅಳಿಸು. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಆಮ್ರಿ ಆಸ್ಪತ್ರೆಯಲ್ಲಿ ಸುಮಾರು 90 ಜನ ಸತ್ತರು. ವಾಹನ ನಿಲ್ಲಿಸಲೆಂದಿದ್ದ ನೆಲಮಾಳಿಗೆಯಲ್ಲಿ ಉರಿಯುವ ಸಾಮಾನು ತುಂಬಿತ್ತು. ಬೆಂಕಿ ಅಲ್ಲಿ ಹತ್ತಿತು, ಹೊಗೆ ಮೇಲಿನ ಮಹಡಿಗಳಿಗೆ ಏರಿತು. ಗಾಜು ಮುಚ್ಚಿದ ಕಟ್ಟಡ, ಹೊಗೆ ಹೊರಹೋಗಲು ದಾರಿಯಿಲ್ಲ. ಹೆಚ್ಚಿನವರು ಉಸಿರುಗಟ್ಟಿ ಸತ್ತದ್ದು. ನಡೆಯಲಾರದವರೇ ತುಂಬಿರುವ ಮನೆ ನಿನ್ನದು, ಲಿಫ್ಟ್ ನಿಂತ ಮೇಲೆ ಅವರನ್ನು ಹೊರತರುವುದು ಹೇಗೆ? ರ‍್ಯಾಂಪ್ ಇರಲಿ. ಕಾರಿಡಾರ್ 2.4 ಮೀಟರ್, ಅಂದರೆ ಎಂಟು ಅಡಿ ಅಗಲ ಇರಲಿ. ಮುಂದೆ ಅಲ್ಲಿ ಬೀರು, ಕುರ್ಚಿ ಇಡಲು ಯಾರು ಬಂದರೂ ಬಿಡಬೇಡ. ಹೊಗೆಯನ್ನು ತಡೆದು ನಿಲ್ಲಿಸುವ ಬಾಗಿಲಿನಿಂದ ಪ್ರತಿ ಮಹಡಿಯನ್ನೂ ಎರಡು ಭಾಗ ಮಾಡಿದರೆ ಹಾಸಿಗೆ ಸಮೇತ ರೋಗಿಯನ್ನು ಆಚೆ ಭಾಗಕ್ಕೆ ತಳ್ಳಿಯಾದರೂ ಉಳಿಸಬಹುದು. ನಿನ್ನ ಮುಂಭಾಗದ ಗಾಜಿನಲ್ಲಿ ತೆರೆಯುವ ಕಿಟಕಿ ಒಂದೂ ಕಾಣಲಿಲ್ಲ, ಅದೂ ಬೇಕು.

ಕೈತೊಳೆಯುವ ಬೇಸಿನ್ ವಾರ್ಡಿನ ಬಾಗಿಲಲ್ಲೇ ಎದುರಾಗಲಿ. ಕೊನೆಯ ಮೂಲೆಯಲ್ಲಿ ಇಟ್ಟರೆ ನೀನೂ ಹೋಗುವುದಿಲ್ಲ, ಡಾಕ್ಟರುಗಳನ್ನು ನಾನು ಬಲ್ಲೆ. ಔಷಧಿ ಅಳೆಯುವ, ಇಂಜೆಕ್ಷನ್ ತುಂಬುವ ಮೇಜು ಜನ ಓಡಾಡುವ ಕಡೆ ಬೇಡ, ಆ ಮೇಜಿನ ಮೇಲೆ ಬೆಳಕು ಚೆನ್ನಾಗಿರಲಿ. ಅಮೆರಿಕದ ಸೇನೆಯ ಔಷಧಾಲಯವೊಂದರಲ್ಲಿ ಬರಿ ಬೆಳಕು ಹೆಚ್ಚಿಸಿದ್ದಕ್ಕೇ ಔಷಧಿ ಕೊಡುವ ತಪ್ಪು ಶೇ 3.8ರಿಂದ 2.6ಕ್ಕೆ ಇಳಿಯಿತೆಂದು 1991ರಲ್ಲೇ ಪ್ರಕಟವಾಗಿದೆ. ಹಿತ್ತಲಿನ ಬೇವಿನ ಮರವನ್ನು ಕಡಿಸಬೇಡ. ಕಿಟಕಿಯಾಚೆ ಮರ ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ನೋಡುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿನ ಬಲವಾದ ಔಷಧಿಯನ್ನೂ ಕಡಿಮೆ ಕೇಳಿದರು ಎಂದು ರೋಜರ್ ಉಲ್ರಿಚ್ 1984ರಲ್ಲೇ ತೋರಿಸಿದ್ದಾನೆ.

ಒಂದು ಕೆಲಸ ಮಾಡು. ಅಡಿಪಾಯ ತೋಡುವ ಮೊದಲು ನಿನ್ನ ಸೈಟಿನಲ್ಲೇ ಪ್ಲೈವುಡ್ಡಿನಿಂದ ಒಂದೇ ಒಂದು ಕೋಣೆಯನ್ನು ನಿಜವಾದ ಅಳತೆಯಲ್ಲಿ ನಿಲ್ಲಿಸು. ಹಾಸಿಗೆ, ಡ್ರಿಪ್ ಸ್ಟ್ಯಾಂಡ್, ಬೆಂಚು ಎಲ್ಲ ಇಡು. ನೀನೇ ಕೈಗೆ ಡ್ರಿಪ್ ಕಟ್ಟಿಕೊಂಡು ಮಲಗಿ, ದೀಪ ಆರಿಸಿ, ಬಚ್ಚಲಿಗೆ ನಡೆದು ನೋಡು. ಸ್ಟ್ರೆಚರ್ ತಳ್ಳುವ ಹುಡುಗನನ್ನು, ನೆಲ ಒರೆಸುವ ಹೆಂಗಸನ್ನು, ರಾತ್ರಿ ಪಾಳಿಯ ಸಿಸ್ಟರುಗಳನ್ನು ಕರೆದು ಅಲ್ಲಿ ಓಡಾಡಲು ಬಿಡು. ಆರ್ಕಿಟೆಕ್ಟ್ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತಿರಲಿ, ಮಾತಾಡುವುದು ಬೇಡ. ಅವರು ಬೈದದ್ದನ್ನೆಲ್ಲ ಬರೆದುಕೊಂಡು ತಿದ್ದಿಸಿದ ಮೇಲೆ ಸಹಿ ಹಾಕಪ್ಪ, ಅಲ್ಲಿಯವರೆಗೆ ಬೇಡ.